ಫಿಟ್ಸ್, ಟ್ಯಾಲಿ ಮತ್ತು 20ನೇ ತಾರೀಕು: ದಾವಣಗೆರೆಯ ಒಂದು ಪ್ರಕರಣ

ಕಂಪ್ಯೂಟರ್ ಮುಂದೆ ಕೂತವನಿಗೆ ಫಿಟ್ಸ್ ಬಂದರೆ ಜನ ಮೊದಲು ಬೈಯುವುದು ಕಂಪ್ಯೂಟರಿಗೇ. "ದಿನಾ ಒಂಬತ್ತು ತಾಸು ಅದನ್ನೇ ನೋಡ್ಕಂಡು ಕುಂತ್ರೆ ಇನ್ನೇನಾಗುತ್ತೆ" ಅನ್ನುತ್ತಾರೆ. ನಮ್ಮ ಆಫೀಸಿನಲ್ಲೂ ಹಾಗೇ ಆಯಿತು. ಮಂಡಿಪೇಟೆ ಹತ್ತಿರ ಮಹಡಿ ಮೇಲಿರುವ ಸಣ್ಣ ಆಫೀಸು ನಮ್ಮದು, ಜಿಎಸ್‌ಟಿ ಮತ್ತು ಇನ್‌ಕಮ್ ಟ್ಯಾಕ್ಸ್ ಕೆಲಸ. ನಾನು ಅಲ್ಲಿ ಹಿರಿಯ ಅಕೌಂಟೆಂಟ್. ಫಿಟ್ಸ್ ಇದ್ದದ್ದು ನನ್ನ ಪಕ್ಕದ ಟೇಬಲಿನ ಹುಡುಗನಿಗೆ. ಆತನನ್ನು ಕೇಳಿಯೇ ಬರೆಯುತ್ತಿದ್ದೇನೆ. ಬರೆದದ್ದನ್ನು ಓದಿ ಅಲ್ಲಲ್ಲಿ ತಿದ್ದಿಸಿದ್ದಾನೆ ಕೂಡ. ಹೆಸರು ಬೇಡ ಅಂದ, ಬಿಟ್ಟಿದ್ದೇನೆ.

ಹುಡುಗ ಅಂದರೂ ವಯಸ್ಸು ಮೂವತ್ತರ ಹತ್ತಿರ. ಬಿ.ಕಾಂ. ಮಾಡಿದ್ದಾನೆ, ಹರಿಹರದಿಂದ ದಿನಾ ಬಸ್ಸಿಗೆ ಬರುತ್ತಾನೆ. ಲೆಕ್ಕ ಬರೆಯುವ ಸಾಫ್ಟ್‌ವೇರ್ ಟ್ಯಾಲಿಯಲ್ಲಿ ಕೈ ಎಷ್ಟು ಚುರುಕು ಅಂದರೆ ಮೌಸ್ ಮುಟ್ಟುವುದೇ ಇಲ್ಲ. ಹಾರ್ಡ್‌ವೇರ್ ಅಂಗಡಿ, ಬಟ್ಟೆ ಅಂಗಡಿ, ಟ್ರ್ಯಾಕ್ಟರ್ ಬಿಡಿಭಾಗದವರು, ಎಪಿಎಂಸಿ ಯಾರ್ಡಿನ ಮಂಡಿಯವರು, ಎಲ್ಲರ ಬಿಲ್ಲುಗಳನ್ನೂ ಹಾಕುವುದು ಆತನೇ.

ಎರಡು ವರ್ಷದ ಮಗುವಾಗಿದ್ದಾಗ ಜೋರು ಜ್ವರದಲ್ಲಿ ಬಹಳ ಹೊತ್ತು ಫಿಟ್ಸ್ ಬಂದಿತ್ತಂತೆ. ಆಮೇಲೆ ಎಷ್ಟೋ ವರ್ಷ ಏನೂ ಇಲ್ಲ. ಪಿಯುಸಿ ಹೊತ್ತಿಗೆ ಮತ್ತೆ ಶುರುವಾಯಿತು. ಎಂಆರ್‌ಐ ಮಾಡಿಸಿದಾಗ ಮೆದುಳಿನ ಎಡಗಡೆ, ಕಿವಿಯ ಮೇಲ್ಭಾಗದ ಒಳಗೆ, ನೆನಪಿಗೆ ಸಂಬಂಧಪಟ್ಟ ಜಾಗದಲ್ಲಿ ಒಂದು ಗಾಯದ ಗುರುತು ಕಂಡಿತು. ಚಿಕ್ಕಂದಿನಲ್ಲಿ ಜ್ವರದ ಜೊತೆ ತುಂಬಾ ಹೊತ್ತು ಫಿಟ್ಸ್ ಬಂದವರಲ್ಲಿ ಕೆಲವರಿಗೆ ಈ ಥರ ಗುರುತು ಇರುತ್ತದೆ. ಅಲ್ಲಿಂದಲೇ ಆತನ ಫಿಟ್ಸ್ ಹುಟ್ಟುತ್ತದೆ. ಟ್ಯಾಲಿ ಕಲಿಯುವ ಮೊದಲೇ ಇದ್ದ ಗುರುತು ಅದು, ಇಷ್ಟು ಗೊತ್ತಿದ್ದರೂ ಮನೆಯವರು ಬೈದದ್ದು ಕಂಪ್ಯೂಟರಿಗೇ.

ಫಿಟ್ಸ್ ಅಂದ ಕೂಡಲೇ ನೆಲಕ್ಕೆ ಬಿದ್ದು ಒದ್ದಾಡುವುದು, ಬಾಯಲ್ಲಿ ನೊರೆ ಬರುವುದು ಕಣ್ಣಿಗೆ ಬರುತ್ತದೆ ಅಲ್ವಾ? ಈತನಿಗೆ ಅದು ಅಪರೂಪ. ಜಾಸ್ತಿ ಬರುವುದು ಬೇರೆ ಥರದ್ದು. ಮಾತಾಡುತ್ತಿದ್ದವನು ನಿಲ್ಲಿಸುತ್ತಾನೆ. ಕಣ್ಣು ತೆರೆದೇ ಇರುತ್ತದೆ, ನೋಟ ಮಾತ್ರ ಎಲ್ಲೋ. ಎಲೆ ಅಡಿಕೆ ಹಾಕಿಕೊಂಡವರ ಹಾಗೆ ಬಾಯಿ ಆಡಿಸುತ್ತಾನೆ, ಕೈ ಎದುರಿಗೆ ಸಿಕ್ಕಿದ್ದನ್ನು ತಡಕಾಡುತ್ತದೆ. ಒಂದು, ಒಂದೂವರೆ ನಿಮಿಷ. ಆಮೇಲೆ ಎಚ್ಚರ ಬಂದರೂ ಪೂರ್ತಿ ಬಂದಿರುವುದಿಲ್ಲ. ಅರ್ಧ ತಾಸಿನವರೆಗೂ ಮಂಕಾಗಿರುತ್ತಾನೆ, ಕೇಳಿದರೆ "ಏನಿಲ್ಲಣ್ಣ, ಅರಾಮ್ ಇದೀನಿ" ಅನ್ನುತ್ತಾನೆ. ಏನಾಯಿತು ಅಂತ ಆತನಿಗೇ ಗೊತ್ತಿರುವುದಿಲ್ಲ. ನೋಡುವವರಿಗೆ ಏನೋ ಯೋಚನೆಯಲ್ಲಿದ್ದಾನೆ ಅನ್ನಿಸುತ್ತದೆ, ಅಷ್ಟೇ. ಹಾಗಾಗಿ ಇಂಥದ್ದು ಆಫೀಸಿನಲ್ಲಿ ವರ್ಷಗಟ್ಟಲೆ ಯಾರ ಗಮನಕ್ಕೂ ಬರದೆ ಇರಬಹುದು.

ಸೇರುವಾಗ ಆತ ಯಾರಿಗೂ ಹೇಳಿರಲಿಲ್ಲ. ಮುಂಚೆ ಕೆಲಸ ಮಾಡುತ್ತಿದ್ದ ಕಡೆ ಒಮ್ಮೆ ಬಿದ್ದ ಮೇಲೆ "ಸ್ವಲ್ಪ ದಿನ ಮನೇಲಿ ರೆಸ್ಟ್ ತಗೋ" ಅಂತ ಕಳಿಸಿದವರು ಮತ್ತೆ ಕರೆಯಲೇ ಇಲ್ಲ. ಹೇಳದೆ ಇದ್ದದ್ದಕ್ಕೆ ನಮ್ಮ ಸಾರ್ ಆಮೇಲೆ ಬೇಜಾರು ಮಾಡಿಕೊಂಡರು. ನನಗೆ ಬೇಜಾರಾಗಲಿಲ್ಲ. ಒಂದು ಸಲ ನಿಜ ಗೊತ್ತಾಗಿ ಕೆಲಸ ಕಳೆದುಕೊಂಡವನು ಎರಡನೇ ಕಡೆ ತಾನಾಗಿ ಯಾಕೆ ಹೇಳುತ್ತಾನೆ?

ವಿಷಯ ಹೊರಗೆ ಬಂದದ್ದು ಒಂದು ಪರ್ಚೇಸ್ ಎಂಟ್ರಿಯಿಂದ. ಹಾರ್ಡ್‌ವೇರ್ ಅಂಗಡಿಯೊಂದರ ಲೆಕ್ಕ ತಾಳೆಯಾಗುತ್ತಿರಲಿಲ್ಲ. ನಲವತ್ತು ಸಾವಿರ ಚಿಲ್ಲರೆಯ ಬಿಲ್ಲು ನಾಲ್ಕು ಲಕ್ಷವಾಗಿ ಕೂತಿತ್ತು, ವಿವರದ ಜಾಗದಲ್ಲಿ ಒಂದೇ ಅಕ್ಷರ ಸಾಲುಗಟ್ಟಲೆ ಬಿದ್ದಿತ್ತು. ಟ್ಯಾಲಿ ಗೊತ್ತಿದ್ದವರಿಗೆ ಇದು ಹೇಗಾಗುತ್ತದೆ ಅಂತ ಹೊಳೆಯುತ್ತದೆ. ಎಂಟರ್ ಒತ್ತುತ್ತಾ ಹೋದರೆ ಒಂದೊಂದೇ ಕಾಲಂ ದಾಟಿ ಕೊನೆಗೆ ವೋಚರ್, ಅಂದರೆ ಆ ಎಂಟ್ರಿ, ಸೇವ್ ಆಗಿಬಿಡುತ್ತದೆ. ಕೈ ಸುಮ್ನೆ ತಡಕಾಡಿದರೂ ಸಾಕು.

2023ರ ಏಪ್ರಿಲ್ 1ರಿಂದ ಕಂಪನಿಗಳ ಲೆಕ್ಕದ ಸಾಫ್ಟ್‌ವೇರ್‌ನಲ್ಲಿ ಯಾವ ಎಂಟ್ರಿ ಯಾವಾಗ ತಿದ್ದಿದ್ದು ಎನ್ನುವ ದಾಖಲೆ ಇರಲೇಬೇಕು ಅಂತ ನಿಯಮ ಬಂತು. ನಮ್ಮ ಗಿರಾಕಿಗಳಲ್ಲಿ ಕಂಪನಿಗಳು ಕಮ್ಮಿ, ಆದರೂ ಸಾರ್ ಎಲ್ಲ ಕಂಪ್ಯೂಟರಿಗೂ ಈ ದಾಖಲೆ, ಅಂದರೆ ಎಡಿಟ್ ಲಾಗ್, ಇರುವ ಟ್ಯಾಲಿಯನ್ನೇ ಹಾಕಿಸಿದ್ದರು. ಅದನ್ನು ತೆಗೆದು ನೋಡಿದೆವು. ಆ ತಪ್ಪು ಎಂಟ್ರಿ ಬಿದ್ದದ್ದು ಬೆಳಿಗ್ಗೆ, 11ನೇ ತಾರೀಕು. ಅದಾದ ಅರ್ಧ ತಾಸಿನಲ್ಲಿ ಆತ ಹಾಕಿದ್ದ ಬೇರೆ ಎಂಟ್ರಿಗಳಲ್ಲೂ ತಪ್ಪಿದ್ದವು, ಎಲ್ಲಾ ಸಣ್ಣಪುಟ್ಟವು. ಅದಕ್ಕಿಂತ ಮುಂಚಿನ ಎರಡು ತಾಸಿನಲ್ಲಿ ಒಂದೂ ತಪ್ಪಿಲ್ಲ. ಸಾರ್ "ನಿದ್ದೆಗಣ್ಣಲ್ಲಿ ಹಾಕಿದ್ಯಾ" ಅಂತ ಬೈದರು. ಆತ ತಲೆ ತಗ್ಗಿಸಿಕೊಂಡು ಕೂತ, ಒಂದು ಮಾತೂ ಆಡಲಿಲ್ಲ.

ಅದೇ ತಿಂಗಳು 20ನೇ ತಾರೀಕು ಮಧ್ಯಾಹ್ನ ಆಫೀಸಿನಲ್ಲೇ ಫಿಟ್ಸ್ ದೊಡ್ಡದಾಗಿ ಬಂತು. ಕುರ್ಚಿಯಿಂದ ಜಾರಿ ಬಿದ್ದ, ಟೇಬಲಿನ ಮೇಲಿದ್ದ ಗಾಜಿನ ಅಂಚು ಹುಬ್ಬಿಗೆ ತಾಗಿ ರಕ್ತ ಬಂತು. ಒಬ್ಬರು ಬೀಗದ ಕೈ ಗೊಂಚಲು ತಂದು ಕೈಯಲ್ಲಿ ಹಿಡಿಸಿದರು. ಕೆಳಗಿನ ಹೋಟೆಲಿನವರು ಈರುಳ್ಳಿ ಹೆಚ್ಚಿಕೊಂಡು ಓಡಿ ಬಂದರು. ಇನ್ನೊಬ್ಬರು ಹಲ್ಲಿನ ಮಧ್ಯೆ ಸ್ಕೇಲ್ ಹಾಕಲು ಹೋದರು. ಎಲ್ಲರದ್ದೂ ಒಳ್ಳೆಯ ಮನಸ್ಸೇ. ಆದರೆ ಕಬ್ಬಿಣದಿಂದಾಗಲಿ ಈರುಳ್ಳಿಯಿಂದಾಗಲಿ ಫಿಟ್ಸ್ ನಿಲ್ಲುವುದಿಲ್ಲ. ಅದು ಸಾಮಾನ್ಯವಾಗಿ ಎರಡು ಮೂರು ನಿಮಿಷದಲ್ಲಿ ತಾನಾಗಿಯೇ ನಿಲ್ಲುತ್ತದೆ, ಹೆಸರು ಮಾತ್ರ ಬೀಗದ ಕೈಗೆ ಬರುತ್ತದೆ. ಸ್ಕೇಲ್ ಹಾಕಿದ್ದರಂತೂ ಹಲ್ಲು ಮುರಿಯುತ್ತಿತ್ತು, ಇಲ್ಲಾ ಹಾಕಿದವರ ಬೆರಳು ಹೋಗುತ್ತಿತ್ತು.

ಆಮೇಲೆ ಶುರುವಾಯಿತು ಸಲಹೆಗಳ ಸುರಿಮಳೆ. ಮನೆಯವರು ಕಂಪ್ಯೂಟರ್ ಕೆಲಸ ಬಿಡಿಸಿ ಅಂದರು. ಸಂಬಂಧಿಕರೊಬ್ಬರು ನೀಲಿ ಬೆಳಕು ತಡೆಯುವ ಕನ್ನಡಕ ಹಾಕಿಸಿ ಅಂದರು. ನಮ್ಮ ಸಾರ್ ಒಳ್ಳೆಯವರೇ, ಕೆಲಸದಿಂದ ತೆಗೆಯುವ ಮಾತು ಆಡಲಿಲ್ಲ, ಆದರೆ "ಕಂಪ್ಯೂಟರ್ ಬೇಡ, ಬಿಲ್ ಕಲೆಕ್ಷನ್‌ಗೆ ಹಾಕೋಣ, ಅಂಗಡಿಗಳಿಗೆ ಗಾಡೀಲಿ ಹೋಗಿ ಬರ್ಲಿ" ಅಂದರು. ಇದನ್ನು ಸ್ವಲ್ಪ ಯೋಚಿಸಿ ನೋಡಿ. ಕುರ್ಚಿ ಮೇಲೆ ಕೂತಾಗ ಎಚ್ಚರ ತಪ್ಪಿದರೆ ಒಂದು ಎಂಟ್ರಿ ತಪ್ಪಾಗುತ್ತದೆ. ಅಶೋಕ ರಸ್ತೆಯಲ್ಲಿ ಸ್ಕೂಟರ್ ಮೇಲೆ ಎಚ್ಚರ ತಪ್ಪಿದರೆ? ಲೈಸೆನ್ಸ್‌ಗೆ ಅರ್ಜಿ ಹಾಕುವಾಗ ಕೊಡುವ ಫಾರಂ 1ರಲ್ಲೇ ಮೂರ್ಛೆರೋಗ ಇದೆಯಾ, ಇದ್ದಕ್ಕಿದ್ದ ಹಾಗೆ ಎಚ್ಚರ ತಪ್ಪುತ್ತದೆಯಾ ಅಂತ ನೇರವಾಗಿ ಕೇಳಿರುತ್ತಾರೆ. ಸುಮ್ನೆ ಕೇಳುವ ಪ್ರಶ್ನೆ ಅಲ್ಲ ಅದು. ಕಂಪ್ಯೂಟರಿನಿಂದ ಕಾಪಾಡಲು ಹೋಗಿ ಆತನನ್ನು ರಸ್ತೆಗೆ ಬಿಡುವ ಯೋಜನೆ ಹಾಕಿದ್ದೆವು.

ಹಾಗಾಗಿ ಮೊದಲು ನರರೋಗ ತಜ್ಞರ ಹತ್ತಿರ ಹೋಗಿ ಕೇಳೋಣ ಅಂತಾಯಿತು. ಆತ, ಆತನ ಅಮ್ಮ, ನಾನು ಹೋದೆವು. ಅಮ್ಮ ಕೂತ ಕೂಡಲೇ "ಕಂಪ್ಯೂಟರ್ ಬಿಡಿಸಿಬಿಡ್ಲಾ ಡಾಕ್ಟ್ರೇ" ಅಂದರು. ಡಾಕ್ಟರು ಅದಕ್ಕೆ ಉತ್ತರ ಕೊಡದೆ ತಿರುಗಿ ಕೇಳಿದ್ದು, "ತಲೆಗೆ ಬಿಸಿನೀರು ಹುಯ್ಕೊಂಡಾಗ ಯಾವತ್ತಾದ್ರೂ ಬಂದಿದ್ಯಾ?" ಅಂತ. ನನಗೆ ವಿಚಿತ್ರ ಅನ್ನಿಸಿತು. ಆಮೇಲೆ ತಿಳಿಯಿತು, ನಮ್ಮ ಕಡೆ ಅದು ಕೇಳಲೇಬೇಕಾದ ಪ್ರಶ್ನೆ. ಹಂಡೆಯಲ್ಲಿ ಕಾಯಿಸಿದ ನೀರನ್ನು ಚೊಂಬಿನಲ್ಲಿ ತೆಗೆದು ದಬದಬ ತಲೆಗೆ ಹುಯ್ದುಕೊಂಡಾಗಲೇ ಫಿಟ್ಸ್ ಬರುವ ಒಂದು ಥರ ಇದೆ, ದಕ್ಷಿಣ ಭಾರತದಲ್ಲಿ, ಅದರಲ್ಲೂ ಕರ್ನಾಟಕದಲ್ಲಿ ಇದು ಹೆಚ್ಚು ಕಂಡುಬಂದಿದೆ. ಬೆಂಗಳೂರಿನ ನಿಮ್ಹಾನ್ಸ್‌ನವರು ಇದರ ಮೇಲೆ ಬಹಳ ಕೆಲಸ ಮಾಡಿದ್ದಾರೆ. ಅಂಥವರಲ್ಲಿ ಎಷ್ಟೋ ಜನಕ್ಕೆ ಉಗುರುಬೆಚ್ಚಗಿನ ನೀರಿನಲ್ಲಿ ತಲೆ ತೊಳೆದುಕೊಂಡರೆ ತೊಂದರೆ ತಪ್ಪುತ್ತದೆ. ನಮ್ಮ ಹುಡುಗನಿಗೆ ಅದಿರಲಿಲ್ಲ. ಆದರೆ ಡಾಕ್ಟರು ಹುಡುಕುತ್ತಿದ್ದದ್ದು ಏನು ಅಂತ ನನಗೆ ಅಲ್ಲಿ ಅರ್ಥವಾಯಿತು. ಕೆಲವರಿಗೆ ಫಿಟ್ಸ್ ಎಬ್ಬಿಸುವ ಒಂದು ನಿರ್ದಿಷ್ಟ ಕಾರಣ ಇರುತ್ತದೆ, ಅದು ಇದೆಯಾ ಇಲ್ಲವಾ ಅಂತ ನೋಡದೆ ಯಾವುದನ್ನೂ ಬಿಡಿಸಲು ಹೋಗಬಾರದು.

ಪರದೆಯೂ ಅಂಥ ಕಾರಣ ಆಗಬಹುದು, ಇಲ್ಲ ಅಂತಲ್ಲ. ಮಿಣಮಿಣ ಅನ್ನುವ ಬೆಳಕಿಗೆ ಫಿಟ್ಸ್ ಬರುವವರು ಮೂರ್ಛೆರೋಗ ಇರುವವರಲ್ಲಿ ಸುಮಾರು ನೂರಕ್ಕೆ 3 ಜನ. ಮಕ್ಕಳಲ್ಲಿ, ಹದಿಹರೆಯದವರಲ್ಲಿ ಸ್ವಲ್ಪ ಜಾಸ್ತಿ. ಬೆಳಕು ಸೆಕೆಂಡಿಗೆ 3ರಿಂದ 30 ಸಲ ಮಿನುಗಿದರೆ ಅಂಥವರಿಗೆ ಅಪಾಯ, 15-20ರ ಆಸುಪಾಸು ಇನ್ನೂ ಕೆಟ್ಟದ್ದು. ಜಪಾನಿನಲ್ಲಿ 1997ರ ಡಿಸೆಂಬರ್ 16ರಂದು ಟಿವಿಯ ಮಕ್ಕಳ ಕಾರ್ಟೂನೊಂದರಲ್ಲಿ ಕೆಂಪು-ನೀಲಿ ಬೆಳಕು ಕೆಲವೇ ಸೆಕೆಂಡು ಜೋರಾಗಿ ಮಿನುಗಿದ್ದಕ್ಕೆ ಆರುನೂರಕ್ಕೂ ಹೆಚ್ಚು ಜನ ಆಸ್ಪತ್ರೆ ಸೇರಿದ್ದರು, ಹೆಚ್ಚಿನವರು ಮಕ್ಕಳೇ. ವೆಬ್‌ಸೈಟ್ ಮಾಡುವವರಿಗೆ ಸೆಕೆಂಡಿಗೆ 3ಕ್ಕಿಂತ ಹೆಚ್ಚು ಸಲ ಮಿನುಗುವ ಯಾವುದನ್ನೂ ಹಾಕಬೇಡಿ ಅಂತ ಅಂತರರಾಷ್ಟ್ರೀಯ ಮಾರ್ಗಸೂಚಿ ಇರುವುದು ಇದಕ್ಕೇ.

ಆದರೆ ಟ್ಯಾಲಿಯಲ್ಲಿ ಮಿನುಗುವುದು ಏನಿದೆ ಹೇಳಿ? ಹಳೆಯ ಡಬ್ಬಾ ಮಾನಿಟರುಗಳು ಚಿತ್ರವನ್ನು ಸೆಕೆಂಡಿಗೆ ಅರವತ್ತರಷ್ಟು ಸಲ ಅಳಿಸಿ ಬರೆಯುತ್ತಿದ್ದವು, ಅದರ ಅದುರು ಕೆಲವರಿಗೆ ಕಣ್ಣಿಗೇ ಕಾಣುತ್ತಿತ್ತು. ಈಗಿನ ತೆಳು ಮಾನಿಟರುಗಳಲ್ಲಿ ಚಿತ್ರ ಹಾಗೆ ಅದುರುವುದಿಲ್ಲ. ಪರದೆ ಕಣ್ಣಿಗೆ ಕೆಟ್ಟದ್ದು, ತಲೆಗೆ ಕೆಟ್ಟದ್ದು ಅನ್ನುವ ಹೆದರಿಕೆ ಮಾತ್ರ ಆ ಡಬ್ಬಾ ಕಾಲದಿಂದ ಹಾಗೇ ಉಳಿದುಕೊಂಡಿದೆ.

ಮೆದುಳಿನ ವಿದ್ಯುತ್ ಅಲೆಗಳನ್ನು ಗೀಟುಗಳಾಗಿ ತೋರಿಸುವ ಇಇಜಿ ಪರೀಕ್ಷೆ ಮಾಡುವಾಗ ಎದುರಿಗೆ ಒಂದು ದೀಪ ಇಟ್ಟು ವೇಗ ಬದಲಿಸುತ್ತಾ ಮಿನುಗಿಸಿ ನೋಡುತ್ತಾರೆ. ಆತನಿಗೆ ಅದರಿಂದ ಏನೂ ಆಗಲಿಲ್ಲ. ಗಾಯದ ಗುರುತು ಇರುವ ಕಡೆ ಗೀಟುಗಳು ಚೂಪಾಗಿ ಎದ್ದವು, ಆದರೆ ದೀಪಕ್ಕೂ ಅವಕ್ಕೂ ಸಂಬಂಧ ಇರಲಿಲ್ಲ. ಡಾಕ್ಟರು ಹೇಳಿದ್ದು ಇಷ್ಟೇ: "ಪರದೆ ವಿಷ್ಯ ಬಿಡಿ. ಯಾವ್ಯಾವ ದಿನ ಬಂತು, ಹಿಂದಿನ ರಾತ್ರಿ ಎಷ್ಟೊತ್ತಿಗೆ ಮಲಗಿದ್ರಿ, ಮಾತ್ರೆ ಎಷ್ಟೊತ್ತಿಗೆ ತಗೊಂಡ್ರಿ, ಬರ್ಕೊಂಡು ಬನ್ನಿ."

ಬರೆದುಕೊಳ್ಳುವುದು ಕಷ್ಟದ ಕೆಲಸ. ಬಂದದ್ದೇ ಗೊತ್ತಾಗದವನು ಏನಂತ ಬರೆಯುತ್ತಾನೆ? ಅಲ್ಲಿ ನಮಗೆ ಎಡಿಟ್ ಲಾಗ್ ಕೈ ಹಿಡಿಯಿತು. ಹಳೆಯ ತಿಂಗಳುಗಳ ಲಾಗ್ ತೆಗೆದು, ಆತನ ಹೆಸರಿನಲ್ಲಿ ಒಂದೇ ಅರ್ಧ ತಾಸಿನೊಳಗೆ ತಪ್ಪುಗಳು ಗುಂಪಾಗಿ ಬಿದ್ದಿರುವ ಜಾಗ ಹುಡುಕಿದೆವು. ಆತನ ಅಮ್ಮ ಮನೆಯಲ್ಲಿ ಬಂದದ್ದನ್ನು ಗೋಡೆಯ ಕ್ಯಾಲೆಂಡರಿನಲ್ಲಿ ಗುರುತು ಹಾಕಿಟ್ಟಿದ್ದರು. ಪಕ್ಕದಲ್ಲಿ ಕೂರುವ ಹುಡುಗಿ "ಅವತ್ತೊಂದಿನ ನಾನು ಕರೆದ್ರೂ ಮಾತಾಡ್ಲಿಲ್ಲ" ಅಂತ ನೆನಪಿಸಿಕೊಂಡಳು. ಎಲ್ಲ ಸೇರಿಸಿ ಒಂದೇ ಕ್ಯಾಲೆಂಡರಿನಲ್ಲಿ ಹಾಕಿದಾಗ ಬಾಯಿ ಬಿಟ್ಟು ನೋಡಿದೆವು. ತಪ್ಪುಗಳೆಲ್ಲವೂ ಫಿಟ್ಸ್ ಅಂತ ಹೇಳುವಂತಿಲ್ಲ, ಅದು ಸರಿ. ಆದರೂ ಗುರುತುಗಳು 10, 11, 12ರ ಸುತ್ತ ಒಂದು ಗುಂಪು, 19, 20, 21ರ ಸುತ್ತ ಇನ್ನೊಂದು ಗುಂಪು. ತಿಂಗಳ ಮೊದಲ ವಾರ ಹೆಚ್ಚುಕಮ್ಮಿ ಖಾಲಿ.

ಜಿಎಸ್‌ಟಿ ಕೆಲಸ ಮಾಡುವವರಿಗೆ ಇದನ್ನು ವಿವರಿಸುವುದೇ ಬೇಡ. ಹಿಂದಿನ ತಿಂಗಳ ಮಾರಾಟದ ಬಿಲ್ಲುಗಳ ವಿವರ ಕೊಡುವ ಜಿಎಸ್‌ಟಿಆರ್-1ಕ್ಕೆ 11 ಕೊನೆಯ ದಿನ, ತೆರಿಗೆ ಲೆಕ್ಕ ಹಾಕಿ ಕಟ್ಟುವ 3ಬಿಗೆ 20. ಬಿಲ್ಲು ಕೊಡಿ ಅಂತ ತಿಂಗಳೆಲ್ಲ ಫೋನ್ ಮಾಡಿದರೂ "ನಾಳೆ ಕಳಿಸ್ತೀನ್ರೀ" ಅನ್ನುವ ಸಾವ್ಕಾರ್ರು 9ನೇ ತಾರೀಕು ಸಂಜೆ ಕ್ಯಾರಿಬ್ಯಾಗ್ ತುಂಬ ಮುದುಡಿದ ಬಿಲ್ಲು ತಂದು ಸುರಿಯುತ್ತಾರೆ. ಅಲ್ಲಿಂದ ಆಫೀಸಿನಲ್ಲಿ ರಾತ್ರಿ ಹನ್ನೊಂದು, ಹನ್ನೆರಡು. ಮಿರ್ಚಿ ಮಂಡಕ್ಕಿ ತರಿಸಿ ತಿಂದುಕೊಂಡು, ಟೀ ಮೇಲೆ ಟೀ ಕುಡಿದುಕೊಂಡು ಕೂರುವುದು. ಆತ ಕೊನೆ ಬಸ್ಸಿಗೋ, ಯಾರದ್ದಾದರೂ ಗಾಡಿ ಹಿಂದೆ ಕೂತೋ ಹರಿಹರ ಮುಟ್ಟಿ ಮಲಗುವಾಗ ಒಂದೂವರೆ. ಬೆಳಿಗ್ಗೆ ಆರಕ್ಕೆ ಎದ್ದು ಮತ್ತೆ ಬಸ್ಸು.

ನಿದ್ದೆ ಕೆಡುವುದು ಒಂದು. ಇನ್ನೊಂದು ಮಾತ್ರೆ. ಆತನದ್ದು ಲೆವೆಟಿರಾಸೆಟಮ್, ಬೆಳಿಗ್ಗೆ 8, ರಾತ್ರಿ 8. ಮಾತ್ರೆ ಮನೆಯಲ್ಲಿ ಇರುತ್ತಿತ್ತು, ಯಾಕೆಂದರೆ ಆಫೀಸಿಗೆ ತಂದರೆ ಯಾರಾದರೂ ನೋಡಿ ಕೇಳಿಯಾರು ಅನ್ನುವ ಭಯ. ಹಾಗಾಗಿ ರಿಟರ್ನ್ ದಿನಗಳಲ್ಲಿ ಎಂಟರ ಮಾತ್ರೆ ಒಂದೂವರೆಗೆ ಹೊಟ್ಟೆ ಸೇರುತ್ತಿತ್ತು, ಕೆಲವೊಮ್ಮೆ ಅದೂ ಇಲ್ಲ. ಈ ಮಾತ್ರೆಯ ಮಟ್ಟ ರಕ್ತದಲ್ಲಿ ಆರರಿಂದ ಎಂಟು ತಾಸಿಗೆ ಅರ್ಧಕ್ಕೆ ಇಳಿಯುತ್ತದೆ, ಹನ್ನೆರಡು ತಾಸಿಗೆ ಒಂದು ಅಂತ ಕೊಡುವುದೇ ಅದಕ್ಕೆ. ಐದು ತಾಸು ತಡವಾಯಿತು ಅಂದರೆ ಮಟ್ಟ ಎಲ್ಲಿಗೆ ಹೋಗಿರಬಹುದು ಅಂತ ಲೆಕ್ಕ ಹಾಕಿಕೊಳ್ಳಿ. ನಿದ್ದೆ ಇಲ್ಲ, ಮಾತ್ರೆ ಇಲ್ಲ, ಮೇಲೆ ಟೆನ್ಶನ್. ಫಿಟ್ಸ್ ಬರಲು ಇನ್ನೇನು ಬೇಕು?

ಇನ್ನೊಂದು ವಿಷಯ ಇಲ್ಲೇ ಹೇಳಬೇಕು. ಮುಂಚೆ ಬೇರೆ ಕಡೆ ತೋರಿಸಿದಾಗ ಮಾತ್ರೆ ಕೆಲಸ ಮಾಡುತ್ತಿಲ್ಲ ಅಂತ ಎರಡನೆಯದನ್ನು ಸೇರಿಸುವ ಮಾತು ಬಂದಿತ್ತು. ಸರಿಯಾದ ಎರಡು ಔಷಧಿ, ಸರಿಯಾದ ಪ್ರಮಾಣದಲ್ಲಿ ಕೊಟ್ಟರೂ ಫಿಟ್ಸ್ ನಿಲ್ಲದಿದ್ದರೆ ಮಾತ್ರೆಗೆ ಬಗ್ಗದ ಕಾಯಿಲೆ ಅನ್ನುತ್ತಾರೆ, ಆಗ ಆಪರೇಷನ್ ಆಗುತ್ತಾ ಅಂತ ನೋಡುತ್ತಾರೆ. ನಿಮ್ಹಾನ್ಸ್‌ನಲ್ಲಿ, ತಿರುವನಂತಪುರದ ಶ್ರೀ ಚಿತ್ರಾದಲ್ಲಿ ಅದನ್ನು ಮಾಡುತ್ತಾರೆ, ಇಂಥ ಗಾಯದ ಗುರುತು ಇರುವವರಲ್ಲಿ ಹಲವರಿಗೆ ಒಳ್ಳೆಯದೂ ಆಗಿದೆ. ಆದರೆ ಹೊಟ್ಟೆಗೇ ಹೋಗದ ಮಾತ್ರೆ ಕೆಲಸ ಮಾಡಲಿಲ್ಲ ಅಂತ ಹೇಗೆ ಹೇಳುವುದು? ನಮ್ಮ ಕ್ಯಾಲೆಂಡರ್ ನೋಡಿದ ಡಾಕ್ಟರು ಔಷಧಿ ಬದಲಿಸಲಿಲ್ಲ. ಮೂರು ತಿಂಗಳು ಇದನ್ನೇ ಸರಿಯಾಗಿ ತಗೊಂಡು, ಸರಿಯಾಗಿ ಮಲಗಿ ಬನ್ನಿ ಅಂದರು.

ಹೇಳುವುದು ಸುಲಭ. ಮಲಗಬೇಕಾದರೆ ಆಫೀಸು ಬದಲಾಗಬೇಕಲ್ಲ.

ಸಾರ್ ಜೊತೆ ಕೂತು ಗಿರಾಕಿಗಳ ಪಟ್ಟಿ ತೆಗೆದೆವು. ವರ್ಷದ ವಹಿವಾಟು 5 ಕೋಟಿ ಒಳಗಿರುವವರು ಮೂರು ತಿಂಗಳಿಗೊಮ್ಮೆ ರಿಟರ್ನ್ ಹಾಕುವ ಕ್ಯುಆರ್‌ಎಂಪಿ ಸ್ಕೀಮ್ 2021ರ ಜನವರಿಯಿಂದಲೇ ಇದೆ. ನಮ್ಮ ಸಣ್ಣ ಅಂಗಡಿಯವರಲ್ಲಿ ಎಷ್ಟೋ ಜನ ಅದಕ್ಕೆ ಸೇರಬಹುದಿತ್ತು, ಯಾರೂ ಬದಲಿಸುವ ಗೋಜಿಗೆ ಹೋಗಿರಲಿಲ್ಲ. ಅವರನ್ನು ಸೇರಿಸಿದೆವು. ಅವರ ಜಿಎಸ್‌ಟಿಆರ್-1ಕ್ಕೆ 13, 3ಬಿಗೆ ನಮ್ಮ ರಾಜ್ಯದಲ್ಲಿ 22, ಅದೂ ಮೂರು ತಿಂಗಳಿಗೊಮ್ಮೆ. ನಡುವಿನ ಎರಡು ತಿಂಗಳು 25ರೊಳಗೆ ತೆರಿಗೆಯ ಚಲನ್ ಕಟ್ಟಿದರೆ ಆಯಿತು. ಬಿಲ್ಲಿನಲ್ಲಿ ಕೊಟ್ಟ ತೆರಿಗೆಯನ್ನು ತಮ್ಮ ತೆರಿಗೆಯಲ್ಲಿ ಕಳೆದುಕೊಳ್ಳುವ ಗಿರಾಕಿಗಳಿರುವ ಒಂದಿಬ್ಬರು "ನಮ್ ಪಾರ್ಟಿಯವ್ರಿಗೆ ತಿಂಗ್ಳಾ ತಿಂಗ್ಳಾ ಕಾಣ್ಬೇಕು" ಅಂತ ಒಪ್ಪಲಿಲ್ಲ, ಅವರದ್ದೂ ನ್ಯಾಯವೇ. ಉಳಿದವರಿಂದ 10 ಮತ್ತು 19ರ ರಾತ್ರಿಗಳು ಹಗುರಾದವು.

ಬಿಲ್ಲು ತಡವಾಗಿ ಕೊಡುವವರಿಗೆ ಒಂದು ನಿಯಮ ಬಂತು. 5ರೊಳಗೆ ಕೊಟ್ಟರೆ ಮಾಮೂಲಿ ಫೀಸು, ಆಮೇಲೆ ಕೊಟ್ಟರೆ ಜಾಸ್ತಿ. "ಏನ್ರೀ, ಹೊಸಾ ಕಾನೂನಾ?" ಅಂತ ರೇಗಿದವರಿದ್ದಾರೆ. ಒಬ್ಬರು ಬೇರೆ ಕಡೆ ಹೋದರು. ಆದರೆ ಈಗ ಅರ್ಧಕ್ಕಿಂತ ಜಾಸ್ತಿ ಜನ ವಾಟ್ಸಾಪಿನಲ್ಲಿ ದಿನಾ ಬಿಲ್ಲಿನ ಫೋಟೋ ಹಾಕುತ್ತಾರೆ. ಇದರಿಂದ ಫಿಟ್ಸ್ ಇಲ್ಲದ ನಮಗೂ ನಿದ್ದೆ ಸಿಕ್ಕಿತು.

ಆತ ಯಾವ ತಾರೀಕು ಇದ್ದರೂ ಆರೂವರೆ ಬಸ್ಸಿಗೆ ಹೊರಡಬೇಕು. ಒಂದು ಸ್ಟ್ರಿಪ್ ಮಾತ್ರೆ ನನ್ನ ಡ್ರಾಯರಿನಲ್ಲಿ ಇರುತ್ತದೆ. ಬೆಳಿಗ್ಗೆ ರಾತ್ರಿ ಎಂಟಕ್ಕೆ ಆತನ ಫೋನಿನಲ್ಲಿ ಅಲಾರಂ ಹೊಡೆಯುತ್ತದೆ. ರಾತ್ರಿ ಹನ್ನೊಂದಕ್ಕೆ ಫೋನನ್ನು ಅಮ್ಮನ ಕೈಗೆ ಕೊಡಬೇಕು, ರೀಲ್ಸ್ ನೋಡುತ್ತಾ ಒಂದು ಗಂಟೆ ಮಾಡಿದರೆ ಇದೆಲ್ಲ ಯಾತಕ್ಕೆ? ಮೂವತ್ತರ ಗಂಡಸಿಗೆ ಇದು ಇರುಸುಮುರುಸಿನ ಮಾತು, ಆತ ನಕ್ಕು ಒಪ್ಪಿಕೊಂಡ.

ಇನ್ನು ಟೇಬಲಿನ ಸುತ್ತ. ಮೆಟ್ಟಿಲ ಪಕ್ಕ ಇದ್ದ ಆತನ ಜಾಗವನ್ನು ಗೋಡೆ ಕಡೆಗೆ ಬದಲಿಸಿದೆವು. ಟೇಬಲಿನ ಗಾಜು ತೆಗೆಸಿದೆವು. ಚಕ್ರದ ಕುರ್ಚಿ ಹೋಗಿ ಎರಡೂ ಕಡೆ ಕೈ ಇರುವ ಗಟ್ಟಿ ಕುರ್ಚಿ ಬಂತು. ಬಾತ್‌ರೂಮಿಗೆ ಹೋದರೆ ಒಳಗಿನ ಚಿಲಕ ಹಾಕುವುದಿಲ್ಲ, ಹೊರಗೆ ಒಂದು ಬೋರ್ಡ್ ತಿರುಗಿಸಿ ಹೋಗುತ್ತಾನೆ. ಪಟಪಟ ಅನ್ನುತ್ತಿದ್ದ ಟ್ಯೂಬ್‌ಲೈಟ್ ಕೂಡ ಬದಲಿಸಿದೆವು. ಆತನಿಗೆ ಅದರಿಂದ ಏನೂ ಆಗುತ್ತಿರಲಿಲ್ಲ, ತಲೆನೋವು ಬರುತ್ತಿದ್ದದ್ದು ನನಗೆ.

ಕಂಪ್ಯೂಟರಿನಲ್ಲಿ ಮಾಡಿದ್ದರಲ್ಲಿ ಎಲ್ಲಕ್ಕಿಂತ ಉಪಯೋಗವಾದದ್ದು ಒಂದು ಕೀ. ಆತನಿಗೆ ಕೆಲವು ಸಲ, ಯಾವಾಗಲೂ ಅಲ್ಲ, ಫಿಟ್ಸ್ ಬರುವ ಮುಂಚೆ ಹೊಟ್ಟೆಯಿಂದ ಏನೋ ಮೇಲಕ್ಕೆ ಎದ್ದು ಬಂದ ಹಾಗೆ ಆಗುತ್ತದೆ. ಕೆಲವು ಸೆಕೆಂಡು ಸಿಗುತ್ತದೆ. ಅಷ್ಟರಲ್ಲಿ ವಿಂಡೋಸ್ ಕೀ ಮತ್ತು ಎಲ್ ಒಟ್ಟಿಗೆ ಒತ್ತಿದರೆ ಕಂಪ್ಯೂಟರ್ ಲಾಕ್ ಆಗುತ್ತದೆ. ಆಮೇಲೆ ಕೈ ಎಷ್ಟು ತಡಕಾಡಿದರೂ ಯಾರ ಲೆಕ್ಕವೂ ಕೆಡುವುದಿಲ್ಲ. ಪಾಸ್‌ವರ್ಡ್ ಸರಿಯಾಗಿ ಹೊಡೆಯುವಷ್ಟು ಎಚ್ಚರ ಬರುವವರೆಗೆ ಕೆಲಸವೂ ಶುರುವಾಗುವುದಿಲ್ಲ. ಆತ ಕೂತಲ್ಲೇ ಇದ್ದು ಪರದೆ ಲಾಕ್ ಆಗಿದ್ದರೆ ಪಕ್ಕದವರು ಒಮ್ಮೆ ತಿರುಗಿ ನೋಡುತ್ತಾರೆ.

ಮುನ್ಸೂಚನೆ ಇಲ್ಲದೆ ಬಂದರೆ ಆ ಅರ್ಧ ತಾಸಿನ ಎಂಟ್ರಿಗಳನ್ನೆಲ್ಲ ನಾನು ಲಾಗ್ ತೆಗೆದು ಮತ್ತೆ ನೋಡುತ್ತೇನೆ. ಎಕ್ಸೆಲ್ ತಾನಾಗಿ ಹತ್ತು ನಿಮಿಷಕ್ಕೊಮ್ಮೆ ಉಳಿಸಿಕೊಳ್ಳುವುದನ್ನು ಒಂದು ನಿಮಿಷಕ್ಕೆ ಇಳಿಸಿದ್ದೇವೆ. ಡಿಜಿಟಲ್ ಸಹಿಯ ಡಾಂಗಲ್ ನನ್ನ ಹತ್ತಿರ ಇರುತ್ತದೆ, ಬ್ಯಾಂಕಿನಿಂದ ದುಡ್ಡು ಕಳಿಸುವ ಕೆಲಸವನ್ನು ಆತ ಒಬ್ಬನೇ ಮಾಡುವುದಿಲ್ಲ. ಇದು ಆತನ ಮೇಲಿನ ಅಪನಂಬಿಕೆ ಅಲ್ಲ ಅಂತ ಮೊದಲೇ ಕೂರಿಸಿಕೊಂಡು ಹೇಳಿದೆವು. ಆಮೇಲೆ ಸಾರ್ ಅದೇ ನಿಯಮವನ್ನು ಎಲ್ಲರಿಗೂ ಮಾಡಿದರು, ಅದೇ ಸರಿ.

ಬೆಳಕಿನ ತೊಂದರೆ ನಿಜವಾಗಿ ಇರುವವರು ಇದನ್ನು ಓದುತ್ತಿದ್ದರೆ ನಿಮಗೆ ಬೇಕಾದ್ದು ಬೇರೆ. ವಿಂಡೋಸ್ 11ರ ಸೆಟ್ಟಿಂಗ್ಸ್‌ನಲ್ಲಿ ಆಕ್ಸೆಸಿಬಿಲಿಟಿಗೆ ಹೋಗಿ, ವಿಷುವಲ್ ಎಫೆಕ್ಟ್ಸ್ ಒಳಗೆ ಆನಿಮೇಷನ್ ಆಫ್ ಮಾಡಿ. ವಿಡಿಯೋ ತಾನಾಗಿ ಓಡುವುದನ್ನು ನಿಲ್ಲಿಸಿ, ಕತ್ತಲೆ ಕೋಣೆಯಲ್ಲಿ ಪರದೆ ನೋಡಬೇಡಿ, ಪರದೆಯಿಂದ ಸ್ವಲ್ಪ ದೂರ ಕೂರಿ. ಏನೋ ಜೋರಾಗಿ ಮಿನುಗಿತು ಅಂದರೆ ಕಣ್ಣು ಮುಚ್ಚಿದರೆ ಸಾಲದು, ರೆಪ್ಪೆ ದಾಟಿ ಬೆಳಕು ಹೋಗುತ್ತದೆ. ಒಂದು ಕಣ್ಣನ್ನು ಅಂಗೈಯಿಂದ ಪೂರ್ತಿ ಮುಚ್ಚಿ ಮುಖ ತಿರುಗಿಸಿ.

ಆಫೀಸಿನವರಿಗೆಲ್ಲ ಒಂದು ಮಧ್ಯಾಹ್ನ ಹೇಳಿಕೊಟ್ಟೆವು. ಬಿದ್ದರೆ ಒಂದು ಪಕ್ಕಕ್ಕೆ ಮಲಗಿಸಿ, ತಲೆ ಕೆಳಗೆ ಮೆತ್ತಗಿರುವುದು ಏನಾದರೂ ಇಡಿ, ಬಾಯಿಗೆ ಏನೂ ಹಾಕಬೇಡಿ, ನೀರು ಕೂಡ. ಕೈಕಾಲು ಒತ್ತಿ ಹಿಡಿಯಬೇಡಿ. ಮೊದಲು ಮೊಬೈಲಿನಲ್ಲಿ ಟೈಮ್ ನೋಡಿಕೊಳ್ಳಿ. ಐದು ನಿಮಿಷ ದಾಟಿತು, ಇಲ್ಲವೇ ಒಂದು ನಿಂತು ಎಚ್ಚರ ಬರುವ ಮುಂಚೆ ಇನ್ನೊಂದು ಬಂತು ಅಂದರೆ 108ಕ್ಕೆ ಫೋನ್ ಮಾಡಿ. ತಾನಾಗಿ ನಿಲ್ಲದ ಫಿಟ್ಸ್ ನಿಲ್ಲಿಸಲು ಡಾಕ್ಟರು ಬರೆದುಕೊಟ್ಟ ಮಿಡಾಜೋಲಮ್ ಮೂಗಿನ ಸ್ಪ್ರೇ ಮಾತ್ರೆ ಜೊತೆಗೇ ಡ್ರಾಯರಿನಲ್ಲಿದೆ, ಯಾವಾಗ ಹೊಡೆಯಬೇಕು ಅಂತ ಚೀಟಿ ಅಂಟಿಸಿದ್ದೇವೆ. ಸುಮ್ಮನೆ ನೋಡುತ್ತಾ ಬಾಯಿ ಆಡಿಸುವ ಥರದ್ದು ಬಂದರೆ ಅಲುಗಾಡಿಸಿ ಎಬ್ಬಿಸಲು ಹೋಗಬಾರದು. ಎದ್ದು ಮೆಟ್ಟಿಲ ಕಡೆ ನಡೆದರೆ ಮೆಲ್ಲಗೆ ಬೇರೆ ಕಡೆ ತಿರುಗಿಸಿದರೆ ಸಾಕು. ಕೆಳಗಿನ ಹೋಟೆಲಿನವರನ್ನೂ ಕರೆದಿದ್ದೆವು. ಈರುಳ್ಳಿ ಬೇಡವೇ ಬೇಡವಾ ಅಂತ ಅವರು ಕೊನೆವರೆಗೂ ಅನುಮಾನದಲ್ಲೇ ಇದ್ದರು.

ಎಲ್ಲಾ ಸರಿಹೋಯಿತು ಅಂತ ಬರೆದರೆ ಸುಳ್ಳಾಗುತ್ತದೆ. ಆ ಮೂರು ತಿಂಗಳಲ್ಲಿ 11 ಮತ್ತು 20ರ ಗುಂಪುಗಳು ಹೋದವು. ಆದರೆ ಮಾತ್ರೆ ಸರಿಯಾಗಿ ಹೊಟ್ಟೆ ಸೇರಲು ಶುರುವಾದ ಮೇಲೆ ಬೇರೊಂದು ತೊಂದರೆ ಬಂತು, ಸಿಟ್ಟು. ಇಷ್ಟು ವರ್ಷ ಯಾರಿಗೂ ಎದುರು ಮಾತಾಡದವನು ಒಬ್ಬ ಗಿರಾಕಿಗೆ ಫೋನಿನಲ್ಲೇ ಕೂಗಾಡಿಬಿಟ್ಟ. ಲೆವೆಟಿರಾಸೆಟಮ್ ತಗೊಳ್ಳುವ ಕೆಲವರಿಗೆ ಹೀಗಾಗುತ್ತದೆ, ಗೊತ್ತಿರುವ ವಿಷಯವೇ. ಆತ ಹೆದರಿ ಮಾತ್ರೆ ನಿಲ್ಲಿಸುತ್ತೇನೆ ಅಂದ. ಒಮ್ಮೆಗೇ ನಿಲ್ಲಿಸಿದರೆ ನಿಲ್ಲದ ಫಿಟ್ಸ್ ಬರಬಹುದು, ಹಾಗಾಗಿ ಡಾಕ್ಟರು ಇನ್ನೊಂದನ್ನು ನಿಧಾನಕ್ಕೆ ಏರಿಸುತ್ತಾ ಇದನ್ನು ಇಳಿಸಿದರು. ಈಗ ಸಿಟ್ಟು ಇಳಿದಿದೆ. ಮೊನ್ನೆ ವೈರಲ್ ಜ್ವರ ಬಂದಾಗ ಮನೆಯಲ್ಲಿ ಒಂದು ಸಲ ಫಿಟ್ಸ್ ಬಂತು.

ಅಮ್ಮನ ಚಿಂತೆ ಈಗ ಕಂಪ್ಯೂಟರ್ ಬಿಟ್ಟು ಮದುವೆ ಕಡೆ ತಿರುಗಿದೆ. ಹೇಳಿ ಮಾಡಬೇಕಾ, ಹೇಳದೆ ಮಾಡಬೇಕಾ ಅಂತ. ಹೇಳಿಯೇ ಮಾಡಿ ಅಂದೆ. ಹಿಂದೂ ವಿವಾಹ ಕಾಯ್ದೆಯಲ್ಲಿ ಮೂರ್ಛೆರೋಗವನ್ನು ಮದುವೆಗೆ ಅಡ್ಡಿ ಅಂತ ಬರೆದಿದ್ದನ್ನು 1999ರಲ್ಲೇ ತೆಗೆದುಹಾಕಿದ್ದಾರೆ. ಆದರೆ ಅಮ್ಮನ ತಲೆಬಿಸಿ ಕಾನೂನಿನದ್ದಲ್ಲ, ನೆಂಟರದ್ದು.

ಆಫೀಸಿನಲ್ಲಿ ಈಗ ಉಳಿದಿರುವ ತಕರಾರು ಬೇರೆ. 20ನೇ ತಾರೀಕು ನಾವೆಲ್ಲ ಕೂತಿರುವಾಗ ಆತ ಆರೂವರೆಗೆ ಬ್ಯಾಗ್ ಏರಿಸಿಕೊಂಡು ಹೊರಡುತ್ತಾನೆ. ಒಬ್ಬಿಬ್ಬರು "ನಮಗೂ ಮನೆ ಇದೆ" ಅಂತ ಗೊಣಗಿದರು, ಅದೂ ಸುಳ್ಳಲ್ಲ. ಅದಕ್ಕೆ ಆತನೇ ಒಂದು ದಾರಿ ಹೇಳಿದ. 14ನೇ ತಾರೀಕು 2ಬಿ, ಅಂದರೆ ಗಿರಾಕಿಗಳ ಖರೀದಿ ಬಿಲ್ಲುಗಳ ಪಟ್ಟಿ, ಜಿಎಸ್‌ಟಿ ಪೋರ್ಟಲಿನಲ್ಲಿ ಬರುತ್ತದಲ್ಲ, ಯಾರ ಬಿಲ್ಲು ಪೋರ್ಟಲಿನಲ್ಲಿ ಕಾಣುತ್ತಿದೆ, ಯಾರದ್ದು ಇಲ್ಲ ಅಂತ ಒಂದೊಂದೇ ತಾಳೆ ನೋಡುವ ಕೆಲಸ, ಅದನ್ನು ಎಲ್ಲರದ್ದೂ ತಾನೊಬ್ಬನೇ ಹಗಲು ಹೊತ್ತಿನಲ್ಲಿ ಮಾಡುತ್ತೇನೆ ಅಂದ. ಆ ಕೆಲಸ ಯಾರಿಗೂ ಬೇಡವಾದದ್ದು, ಹಾಗಾಗಿ ಗೊಣಗಾಟ ನಿಂತಿತು. ಡಿಸೆಂಬರ್ 31ಕ್ಕೆ ವಾರ್ಷಿಕ ರಿಟರ್ನ್ ಇದೆ, ಮೆಕ್ಕೆಜೋಳದ ಸೀಸನ್ ಮುಗಿಯುವ ಮುಂಚೆಯೇ ಅದೂ ಬಂದು ಕೂರುತ್ತದೆ. ಆ ರಾತ್ರಿಗಳಿಗೆ ಯಾರು ಅಂತ ಸಾರ್ ಇನ್ನೂ ಪಟ್ಟಿ ಹಾಕಿಲ್ಲ. ಆತನ ಹೆಸರು ಇರುವುದಿಲ್ಲ ಅನ್ನುವುದಷ್ಟೇ ಗೊತ್ತಾಗಿದೆ.